ವಸಡಿನಂಚಿನ ಗೆರೆ

ಎಪ್ಪತ್ತೆರಡನೆಯ ವಯಸ್ಸಿನಲ್ಲೂ ದೊಡ್ಡ ಮೇಡಂ ಬಾಯಲ್ಲಿ ಇಪ್ಪತ್ತೆಂಟು ಹಲ್ಲುಗಳಿದ್ದವು. ಇಪ್ಪತ್ತೆಂಟೂ ಸ್ವಂತದವು. ಇದನ್ನು ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಬಾಯಿ ಬೊಚ್ಚಾದ ತಮ್ಮ ಓರಗೆಯವರನ್ನು ಕಂಡರೆ ಬೇಕೆಂದೇ ಹತ್ತಿರ ಹೋಗಿ ನಿಂತು ನಗುತ್ತಿದ್ದರು.

ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಮೂವತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆದಿದ್ದರೂ ಬೀದಿಯವರಿಗೆಲ್ಲ ಅವರು ಇನ್ನೂ ದೊಡ್ಡ ಮೇಡಂ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿದ್ದದ್ದು ಅವರು ಮತ್ತು ಮಗಳು, ಇಬ್ಬರೇ. ಮಗಳಿಗೆ ನಲವತ್ತಾರು. ಮುಖ್ಯರಸ್ತೆಯ ಔಷಧಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಚೀಟಿ ನೋಡಿ ಮಾತ್ರೆ ಕೊಡುವವಳು ಅವಳೇ, ಯಾವ ಮಾತ್ರೆಯ ಜೊತೆ ಯಾವುದು ಸೇರಬಾರದು ಎಂದು ಗಿರಾಕಿಗಳಿಗೆ ತಿಳಿಸುವವಳೂ ಅವಳೇ. ಅಂಗಡಿಗೆ ಬರುವವರು ಅವಳನ್ನು ಮಾತ್ರೆ ಅಕ್ಕ ಎನ್ನುತ್ತಿದ್ದರು. ತಾಯಿ ಮಾತ್ರ ಪೆದ್ದಿ ಎನ್ನುತ್ತಿದ್ದರು. ಅದು ಸಿಟ್ಟಿನ ಮಾತಲ್ಲ. ಅವರಿಗೆ ಅದು ಅವಳ ಹೆಸರೇ ಆಗಿಹೋಗಿತ್ತು.

ರಕ್ತದೊತ್ತಡದ ಮಾತ್ರೆ, ನಿದ್ದೆಯ ಮಾತ್ರೆ, ಪದೇ ಪದೇ ಮೂತ್ರಕ್ಕೆ ಏಳುವುದನ್ನು ತಡೆಯುವ ಮಾತ್ರೆ, ಹೀಗೆ ಒಂದರ ಹಿಂದೊಂದು ಸೇರಿಕೊಂಡ ಮೇಲೆ ದೊಡ್ಡ ಮೇಡಂ ಬಾಯಿ ಒಣಗತೊಡಗಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ತಡವರಿಸುತ್ತಿತ್ತು. ಮಾತೇ ಆಯುಧವಾಗಿದ್ದವರಿಗೆ ಅದು ಸಹಿಸುವಂಥದ್ದಲ್ಲ. ಮಗಳು ಅಂಗಡಿಯಿಂದ ಒಣಬಾಯಿಗೆಂದೇ ಮಾಡಿದ, ಸಕ್ಕರೆಯಿಲ್ಲದ ಚೀಪುವ ಮಾತ್ರೆ ತಂದುಕೊಟ್ಟಳು. ಮೇಡಂ ಒಂದನ್ನು ಬಾಯಿಗೆ ಹಾಕಿಕೊಂಡು ಅಂಗೈಗೆ ಉಗಿದರು.

"ಥೂ! ಫಿನಾಯಿಲ್ ಚೀಪಿದ ಹಾಗಿದೆ. ಇದನ್ನ ದುಡ್ಡು ಕೊಟ್ಟು ತಗೊಳ್ಳೋರೂ ಇದ್ದಾರಾ? ನನಗೆ ಮಾಮೂಲಿ ಪೆಪ್ಪರ್‌ಮಿಂಟ್ ತಂದುಕೊಡು ಸಾಕು."

ಮಗಳು ಪೆಪ್ಪರ್‌ಮಿಂಟ್ ತಂದಳು. ಆಗ ಅವಳ ಮನಸ್ಸಿನಲ್ಲಿ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ. ತಾಯಿ ಕೇಳಿದ್ದನ್ನು ತಂದುಕೊಟ್ಟು ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಅಭ್ಯಾಸ. ಮೇಡಂ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಎಡದವಡೆಯ ಪಕ್ಕ, ಕೆನ್ನೆಗೂ ವಸಡಿಗೂ ನಡುವೆ ಒಂದನ್ನು ಒತ್ತರಿಸಿಕೊಂಡಿರುತ್ತಿದ್ದರು. ಕರಗಿದರೆ ಇನ್ನೊಂದು.

ಒಂದು ವರ್ಷ ಕಳೆದಿರಬೇಕು. ಒಂದು ಭಾನುವಾರ ಬೆಳಗ್ಗೆ ಮಗಳು ಹೊಸ ಕುರ್ತಾ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಮೇಡಂ ಕಿಟಕಿಯ ಪಕ್ಕದ ಕುರ್ಚಿಯಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಿಟಕಿ ಪರದೆ ಎಲ್ಲಿ ಅಂತ ಹುಡುಕ್ತಾ ಇದ್ದೆ ಕಣೇ" ಎಂದು ತಲೆ ಹಿಂದಕ್ಕೆ ಹಾಕಿ ನಕ್ಕರು. ಬೆಳಕು ನೇರ ಬಾಯೊಳಗೆ ಬಿತ್ತು. ಆಗ ಮಗಳ ಕಣ್ಣಿಗೆ ಬಿತ್ತು: ಮೇಲಿನ ಎಡಗಡೆಯ ಹಲ್ಲುಗಳ ಬುಡದಲ್ಲಿ, ಸರಿಯಾಗಿ ವಸಡಿಗೆ ತಾಗಿದ ಕಡೆ, ಪೆನ್ಸಿಲಿನಲ್ಲಿ ಎಳೆದಂಥ ಕಂದು ಗೆರೆ. ಹಲ್ಲು ಮೇಲೆಲ್ಲ ಬಿಳಿ. ಬುಡದಲ್ಲಿ ಮಾತ್ರ ಸೀರೆಯಂಚಿನ ಹಾಗೆ ಕಂದು.

ಅದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಯಸ್ಸಾದ ಹಾಗೆ ವಸಡು ಸರಿಯುತ್ತದೆ. ಒಳಗಿನ ಬೇರು ಬಯಲಾಗುತ್ತದೆ. ಬೇರಿನ ಮೇಲೆ ಹಲ್ಲಿನ ತಲೆಗಿರುವಂಥ ಗಟ್ಟಿ ಕವಚವಿಲ್ಲ. ಅದನ್ನು ತೊಳೆಯಲು ಎಂಜಲೂ ಇಲ್ಲದೆ, ದಿನವಿಡೀ ಸಕ್ಕರೆನೀರಿನಲ್ಲಿ ನೆನೆದರೆ ಒದ್ದೆ ಮರದ ಹಾಗೆ ಮೆತ್ತಗಾಗುತ್ತದೆ. ಹಿಂದಿನ ದಿನವಷ್ಟೇ ಅಂಗಡಿಯಲ್ಲಿ ಮುದುಕರೊಬ್ಬರಿಗೆ ಅವಳು ಇದನ್ನೇ ಬಿಡಿಸಿ ಹೇಳಿದ್ದಳು. "ತಾತ, ಸಕ್ಕರೆ ಇರೋದು ಚೀಪಬೇಡಿ. ಹಲ್ಲು ಬುಡದಿಂದ ಕೊಳೆಯುತ್ತೆ. ನೋವಾಗೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ."

ತಾಯಿಗೆ ಹೇಳಲು ಬಾಯಿ ತೆರೆದಳು. ಮೇಡಂ ಇನ್ನೂ ನಗುತ್ತಿದ್ದರು. ಬಾಯಿ ಮುಚ್ಚಿಕೊಂಡಳು. ಸಂಜೆ ಪೆಪ್ಪರ್‌ಮಿಂಟಿನ ಬಟ್ಟಲು ಅರ್ಧ ಖಾಲಿಯಾಗಿತ್ತು. ಅದನ್ನು ಅಂಚಿನವರೆಗೆ ತುಂಬಿಸಿಟ್ಟಳು.

ಅವಳ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಔಷಧಿ ಕಂಪನಿಯ ಮಾರಾಟಗಾರನೊಬ್ಬ ಅಂಗಡಿಗೆ ಬರತೊಡಗಿದ್ದ. ದೊಡ್ಡ ಕಪ್ಪು ಬ್ಯಾಗು, ಸವೆದ ಬೂಟು, ಮೆಲುದನಿ. ಎರಡು ವರ್ಷ ಬಂದ ಮೇಲೆ ಒಂದು ದಿನ ಮನೆಗೇ ಬಂದು, ನಿಮ್ಮ ಮಗಳನ್ನು ಮದುವೆಯಾಗಬೇಕೆಂದಿದ್ದೇನೆ ಎಂದು ದೊಡ್ಡ ಮೇಡಂಗೆ ಹೇಳಿದ. ಮೇಡಂ ಕಾಫಿ ಕೊಟ್ಟು ಚೆನ್ನಾಗಿಯೇ ಮಾತಾಡಿಸಿದರು. ಅವನು ಲೋಟ ಕೆಳಗಿಟ್ಟ ಮೇಲೆ, ಕನಿಕರದ ದನಿಯಲ್ಲಿ, "ಇವಳ ಗರ್ಭಕೋಶದ ವಿಷಯ ನಿಮಗೆ ಹೇಳಿದ್ದಾಳೆ ತಾನೇ?" ಎಂದು ಕೇಳಿದರು. ಅವಳಿಗೆ ಅಂಥ ಯಾವ ತೊಂದರೆಯೂ ಇರಲಿಲ್ಲ. ಮಗಳು ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದಳು. ಸುಳ್ಳು ಎನ್ನುವ ಬದಲು ತಲೆ ತಗ್ಗಿಸಿ ತಟ್ಟೆಯನ್ನೇ ನೋಡಿದಳು. ಅವನು ಅವಳ ಮುಖ ನೋಡಿದ. ಸುಮ್ಮನಿದ್ದಾಳೆ ಎಂದರೆ ನಿಜ ಎಂದುಕೊಂಡ. ಆಮೇಲೆ ಆ ಬೀದಿಗೆ ಬೇರೆ ಮಾರಾಟಗಾರ ಬರತೊಡಗಿದ.

"ನೀನು ಹೋದ್ರೆ ನನ್ನನ್ನ ಯಾರೇ ನೋಡ್ಕೋತಾರೆ?" ಎಂದಿದ್ದರು ಮೇಡಂ ಅಂದು, ಲೋಟಗಳನ್ನು ಎತ್ತಿಡುತ್ತಾ. ಅಷ್ಟೇ. ಮತ್ತೆ ಆ ಮಾತು ಮನೆಯಲ್ಲಿ ಬರಲಿಲ್ಲ.

ಗೆರೆ ಕಂಡ ನಾಲ್ಕು ತಿಂಗಳಿಗೆ ಹಳೆಯ ವಿದ್ಯಾರ್ಥಿನಿಯರ ಕೂಟ ನಡೆಯಿತು. ಐವತ್ತು ದಾಟಿದ ಹೆಂಗಸರು ತಮ್ಮ ದೊಡ್ಡ ಮೇಡಂ ಸುತ್ತ ಹುಡುಗಿಯರ ಹಾಗೆ ಕೈಕಟ್ಟಿ ಕುಳಿತಿದ್ದರು. ಮೇಡಂ ಉಬ್ಬಿಹೋಗಿದ್ದರು. ಊಟದ ಮೇಜಿನಲ್ಲಿ ಹೆಚ್ಚಿದ ಹಣ್ಣಿನ ತಟ್ಟೆ ಬಂದಾಗ, "ಹೋಳು ನಿಮಗೆ, ನನಗೆ ಇಡೀ ಹಣ್ಣು ಕೊಡ್ರೇ" ಎಂದು ಸೇಬನ್ನೇ ಕೈಗೆತ್ತಿಕೊಂಡರು. ಪಕ್ಕದಲ್ಲಿದ್ದ ಮಗಳ ಬೆನ್ನ ಮೇಲೆ ಇನ್ನೊಂದು ಕೈಯಿಟ್ಟರು.

"ಇವಳು ನನ್ನ ಮಗಳು. ನಿಮ್ಮನ್ನೆಲ್ಲ ತಿದ್ದಿದೆ, ಇವಳನ್ನ ತಿದ್ದೋಕಾಗಲಿಲ್ಲ. ಏಳರ ಮಗ್ಗಿ ಇವತ್ತಿಗೂ ಅರ್ಧಕ್ಕೇ ನಿಲ್ಲುತ್ತೆ. ಬೇಕಾದ್ರೆ ಕೇಳಿ ನೋಡಿ!"

ಎಲ್ಲರೂ ನಕ್ಕರು. ಒಬ್ಬಾಕೆ ನಿಜವಾಗಿಯೇ, "ಹೇಳಿ, ಹೇಳಿ" ಎಂದಳು. ಮಗಳು ತಲೆ ತಗ್ಗಿಸಿ ನಕ್ಕ ಹಾಗೆ ಮಾಡಿದಳು. ಮೇಡಂ ಸೇಬನ್ನು ಕಚ್ಚಿದರು. ಲಟಕ್ ಎಂದು ಸಣ್ಣ ಸದ್ದಾಯಿತು. ಸೇಬು ಬಾಯಿಂದ ಈಚೆ ಬಂದಾಗ ಅದರಲ್ಲಿ ಕೋರೆಹಲ್ಲೊಂದು ನೆಟ್ಟಗೆ ನಿಂತಿತ್ತು. ವಸಡಿನ ಮಟ್ಟಕ್ಕೆ ಸರಿಯಾಗಿ ಮುರಿದಿತ್ತು, ಬುಡ ಕಪ್ಪಗೆ.

ದೊಡ್ಡ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ಕಣ್ಣಲ್ಲಿ ಹೆದರಿಕೆಯನ್ನು ಮಗಳು ಅದೇ ಮೊದಲ ಸಲ ಕಂಡಳು. ಎದೆಯಲ್ಲಿ ಏನೋ ತಣ್ಣಗಾದಂತಾಯಿತು. ಹಾಗಾದದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಆದರೆ ಬಸ್ಸಿನಲ್ಲಿ ಮನೆ ತಲಪುವಷ್ಟರಲ್ಲಿ ನಾಚಿಕೆ ಹೋಗಿತ್ತು.

ಹಲ್ಲಿನ ಡಾಕ್ಟರು ಮೂವತ್ತೈದರ ಹೆಂಗಸು. ಕ್ಲಿನಿಕ್ಕಿನಲ್ಲಿ ಕುರ್ಚಿಯನ್ನು ಮಲಗಿಸಿ, ದೀಪ ಎಳೆದು, ಕೊಕ್ಕೆಯಂಥ ಸಲಕರಣೆಯಿಂದ ಒಂದೊಂದೇ ಹಲ್ಲಿನ ಬುಡ ಮುಟ್ಟಿ ನೋಡಿದರು. ಗಟ್ಟಿ ಇರಬೇಕಾದ ಕಡೆ ಕೊಕ್ಕೆ ಬೆಣ್ಣೆಗೆ ಇಳಿದಂತೆ ಇಳಿಯುತ್ತಿತ್ತು.

"ಒಂಬತ್ತು ಹಲ್ಲಿಗೆ ಹಿಡಿದಿದೆ, ಮೇಡಂ. ಹೆಚ್ಚು ಎಡಗಡೆಯೇ. ಬಾಯಲ್ಲಿ ಏನಾದ್ರೂ ಇಟ್ಕೊಂಡಿರ್ತೀರಾ?"

"ಪೆಪ್ಪರ್‌ಮಿಂಟ್ ಅಷ್ಟೇ. ಬಾಯಿ ಒಣಗುತ್ತಲ್ಲ."

"ಅದೇ ತಿಂದುಹಾಕಿರೋದು." ಡಾಕ್ಟರು ಮಗಳ ಕಡೆ ತಿರುಗಿದರು. "ನೀವು ಔಷಧಿ ಅಂಗಡಿಯವರು ಅಂದ್ರಲ್ಲ? ನೀವಾದ್ರೂ ಹೇಳಬಾರದಿತ್ತಾ?"

"ಮೊದಲು ಸಕ್ಕರೆಯಿಲ್ಲದ್ದೇ ತಂದುಕೊಟ್ಟೆ. ಅಮ್ಮನಿಗೆ ಹಿಡಿಸಲಿಲ್ಲ."

ಅದು ಸುಳ್ಳಾಗಿರಲಿಲ್ಲ.

ನಾಲ್ಕು ಭೇಟಿಗಳಲ್ಲಿ ಚಿಕಿತ್ಸೆ ನಡೆಯಿತು. ಸೂಜಿ ಚುಚ್ಚಿ ಮರಗಟ್ಟಿಸುವುದು, ವಸಡಿನ ಸಂದಿಗೆ ತೆಳು ದಾರ ತುರುಕಿ ಅದನ್ನು ಹಿಂದಕ್ಕೆ ಸರಿಸುವುದು, ಮೆತ್ತಗಾದದ್ದನ್ನು ಕೆರೆದು ತೆಗೆಯುವುದು, ಗುಳಿಗೆ ಫ್ಲೋರೈಡ್ ಬಿಡುವ ಬಿಳಿ ಸಿಮೆಂಟು ತುಂಬುವುದು. ಮುರಿದ ಕೋರೆಹಲ್ಲಿನ ಬೇರನ್ನು ಕಿತ್ತರು. ಎರಡು ಹಲ್ಲಿಗೆ ಕೊಳೆತ ಮುಂದುವರಿಯದಂತೆ ತಡೆಯುವ ಬೆಳ್ಳಿಯ ದ್ರಾವಣ ಹಚ್ಚುತ್ತೇನೆ, ಆದರೆ ಆ ಜಾಗ ಕಪ್ಪಾಗುತ್ತದೆ ಎಂದಾಗ ಮೇಡಂ ಖಡಾಖಂಡಿತವಾಗಿ ಬೇಡ ಎಂದರು. ಕಡೆಯ ದಿನ ಡಾಕ್ಟರು ಹೆಚ್ಚು ಫ್ಲೋರೈಡಿನ ಪೇಸ್ಟ್ ಬರೆದುಕೊಟ್ಟು, ಬೆರಳೆತ್ತಿ ಹೇಳಿದರು:

"ನಾನು ಮಾಡಿದ್ದು ಅರ್ಧ. ಸಕ್ಕರೆ ನಿಲ್ಲಿಸದಿದ್ರೆ ಸಿಮೆಂಟಿನ ಪಕ್ಕದಿಂದಲೇ ಮತ್ತೆ ಶುರುವಾಗುತ್ತೆ. ಚೀಪಲೇಬೇಕು ಅಂದ್ರೆ ನೀಲಿ ಡಬ್ಬಿ ಬರುತ್ತಲ್ಲ, ಸಕ್ಕರೆಯಿಲ್ಲದ್ದು, ಅದೊಂದೇ."

"ಇವಳು ತರ್ತಾಳೆ," ಎಂದರು ಮೇಡಂ. ಹೆದರಿಕೆ ಅವರನ್ನು ವಿಧೇಯರನ್ನಾಗಿ ಮಾಡಿತ್ತು.

ಮಗಳು ಮರುದಿನವೇ ನೀಲಿ ಡಬ್ಬಿ ತಂದಳು. ಆದರೆ ಮನೆಗೆ ಬರುವ ಮೊದಲು ಅಂಗಡಿಯ ಹಿಂದಿನ ದಾಸ್ತಾನು ಕೋಣೆಯಲ್ಲಿ ಅದನ್ನು ತೆರೆದು, ಒಳಗಿದ್ದ ಮಾತ್ರೆಗಳನ್ನು ಕಾಗದದ ಪೊಟ್ಟಣಕ್ಕೆ ಸುರಿದಳು. ಅದೇ ಗಾತ್ರದ, ಅದೇ ಬಿಳಿಯ ಪೆಪ್ಪರ್‌ಮಿಂಟ್‌ಗಳನ್ನು ಡಬ್ಬಿಗೆ ತುಂಬಿದಳು. ಇಪ್ಪತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ ತಪ್ಪು ಮಾತ್ರೆ ಕೊಟ್ಟ ಕೈಯಲ್ಲ ಅದು.

ಮೇಡಂ ಅಳುಕುತ್ತಲೇ ಒಂದನ್ನು ಬಾಯಿಗೆ ಹಾಕಿಕೊಂಡರು. ಮುಖ ಅರಳಿತು. "ಪರವಾಗಿಲ್ವೇ! ಸಕ್ಕರೆ ಹಾಕಿದ ಹಾಗೇ ಇದೆ."

"ಹೊಸ ತಯಾರಿ ಅಮ್ಮ. ಎಷ್ಟು ಬೇಕಾದ್ರೂ ತಗೋಬಹುದಂತೆ."

"ನೋಡು, ಬುದ್ಧಿ ಇದ್ದೋರು ಮಾಡಿದ್ರೆ ಹೀಗಿರುತ್ತೆ."

ಸಕ್ಕರೆಯಿಲ್ಲ ಎಂಬ ನಂಬಿಕೆಯಲ್ಲಿ ಮೇಡಂ ಮೊದಲಿಗಿಂತ ಎರಡು ಪಾಲು ಚೀಪಿದರು. ಓದುವಾಗ, ರೇಡಿಯೋ ಕೇಳುವಾಗ, ಮಧ್ಯಾಹ್ನ ಮಲಗುವಾಗಲೂ ದವಡೆಯಲ್ಲಿ ಒಂದು. ಕೈ ಸಣ್ಣಗೆ ಅದುರುತ್ತಿದ್ದುದರಿಂದ ಅವರ ಬ್ರಷ್ಷು ಹಲ್ಲಿನ ಮೇಲೆ ಓಡಾಡುತ್ತಿತ್ತೇ ಹೊರತು ಬುಡ ಮುಟ್ಟುತ್ತಿರಲಿಲ್ಲ. ಮಗಳು ಅದನ್ನು ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇರೆ ಊರಿನ ಆಸ್ಪತ್ರೆಯೊಂದರ ಔಷಧಿ ವಿಭಾಗಕ್ಕೆ ಅವಳು ಅರ್ಜಿ ಹಾಕಿದ್ದೂ ಅದೇ ದಿನಗಳಲ್ಲಿ. ಅಲ್ಲಿ ಇರಲು ಕೋಣೆಯನ್ನೂ ಕೊಡುತ್ತಿದ್ದರು. ತಾಯಿಯನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಹೊರಟುಬಿಡುವುದೆಂದು ಅವಳ ಲೆಕ್ಕಾಚಾರ. ಹೊರಡುವ ಮೊದಲು ಆ ನಗು ಹೋಗಿರಬೇಕು, ಅಷ್ಟೇ.

ನಗು ಹೋಯಿತು. ಎಂಟು ತಿಂಗಳಲ್ಲಿ ಸಿಮೆಂಟಿನ ಸುತ್ತಲೂ ಹೊಸ ಗುಳಿ ಬಿದ್ದವು. ಎರಡು ಹಲ್ಲು ಅನ್ನ ಅಗಿಯುವಾಗ ಮುರಿದವು. ಒಂದು ಒಳಗೇ ಕೀವು ತುಂಬಿಕೊಂಡು ಕೆನ್ನೆ ಊದಿಸಿತು. ಮೂರು ದಿನ ಮೇಡಂ ಗೋಡೆಗೆ ಹಣೆಯಿಟ್ಟು ನರಳಿದರು. "ಪುಟ್ಟೀ, ಏನಾದ್ರೂ ಕೊಡೇ" ಎಂದರು. ಹುಟ್ಟಿದಾಗಿನಿಂದ ಅವಳು ಆ ಕರೆ ಕೇಳಿರಲಿಲ್ಲ. ನೋವಿನ ಮಾತ್ರೆ ಕೊಟ್ಟಳು, ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ. ನೀಲಿ ಡಬ್ಬಿಯನ್ನೂ ತುಂಬಿಸಿಟ್ಟಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಬಾಯಿ ನೋಡಿದರು, ಎಕ್ಸ್‌ರೇ ನೋಡಿದರು, ಮತ್ತೆ ಬಾಯಿ ನೋಡಿದರು. ಕಡೆಗೆ ಮೇಲಿನ ಹಲ್ಲುಗಳನ್ನೆಲ್ಲ, ಕೆಳಗೆ ಹಿಂದಿನವನ್ನೆಲ್ಲ ತೆಗೆಯದೆ ಗತಿಯಿಲ್ಲ ಎಂದರು. ಕೆಳಗೆ ಮುಂದಿನ ಆರು ಮಾತ್ರ ಗಟ್ಟಿ ಇದ್ದವು. ಒಂದೊಂದು ಭೇಟಿಯಲ್ಲಿ ಮೂರು ನಾಲ್ಕು ಕಿತ್ತರು. ಉಳಿದ ಬೇರುಗಳು ಎಷ್ಟು ಮೆತ್ತಗಿದ್ದವೆಂದರೆ ಇಕ್ಕಳ ಹಿಡಿದ ಕೂಡಲೇ ಪುಡಿಯಾಗುತ್ತಿದ್ದವು. ವಸಡು ಸೀಳಿ, ಮೂಳೆ ಕೆತ್ತಿ ತುಂಡು ತುಂಡಾಗಿ ತೆಗೆಯಬೇಕಾಯಿತು. ಮಗಳು ಹೊರಗೆ ಬೆಂಚಿನ ಮೇಲೆ ಕೂತು ಆ ಸದ್ದು ಕೇಳಿದಳು. ಎದ್ದು ದೂರ ಹೋಗಬಹುದಿತ್ತು. ಹೋಗಲಿಲ್ಲ.

ಕಟ್ಟುಹಲ್ಲಿನ ಅಳತೆ ಕೊಡಲು ಹೋದ ದಿನ ಮೇಡಂ ಗಂಟಲು ಒಣಗಿ ಕೆಮ್ಮಿದರು. ಡಬ್ಬಿ ಮನೆಯಲ್ಲಿ ಬಿಟ್ಟು ಬಂದಿದ್ದರು. ಡಾಕ್ಟರು ಮೇಜಿನ ಡ್ರಾಯರಿನಿಂದ ಅದೇ ನೀಲಿ ಡಬ್ಬಿ ತೆಗೆದು, "ತಗೊಳ್ಳಿ, ನೀವು ಚೀಪೋದೇ ಇದು" ಎಂದು ಒಂದನ್ನು ಕೈಗಿಟ್ಟರು.

ಮೇಡಂ ಬಾಯಿಗೆ ಹಾಕಿಕೊಂಡರು. ಕೆನ್ನೆ ನಿಂತಿತು. ನಾಲಿಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿತು. ಅವರು ಡಬ್ಬಿಯನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು ಮೇಲಿನ ಅಕ್ಷರ ಓದಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಮಗಳನ್ನು ನೋಡಿದರು. ಉತ್ತರಪತ್ರಿಕೆ ತಿದ್ದುವಾಗ ನಕಲು ಹಿಡಿದವರ ನೋಟ ಅದು.

"ಏನಾಯ್ತು ಮೇಡಂ? ರುಚಿ ಬೇರೆ ಅನ್ನಿಸ್ತಾ?" ಎಂದು ಕೇಳಿದರು ಡಾಕ್ಟರು.

"ಇಲ್ಲ, ಇಲ್ಲ," ಎಂದರು ಮೇಡಂ. ಮೇಲಿನ ಹಲ್ಲಿಲ್ಲದ ಬಾಯಲ್ಲಿ ಮಾತು ಗಾಳಿಯಾಗಿ ಬಂತು. "ಇದೇ. ಇದೇ ನನ್ನ ಮಗಳು ತರೋದು."

ಮನೆಗೆ ಬಂದು, ಚಪ್ಪಲಿ ಬಿಟ್ಟು, ಮೇಡಂ ಊಟದ ಮೇಜಿನ ತುದಿಯಲ್ಲಿ ಕುಳಿತರು. "ಡಬ್ಬಿ ತಗೊಂಡು ಬಾ," ಎಂದರು. ಮಗಳು ತಂದಿಟ್ಟಳು. ಅವರು ಒಂದನ್ನು ತೆಗೆದು ನಾಲಿಗೆಗೆ ತಾಗಿಸಿ, ವಾಪಸ್ ಹಾಕಿ ಮುಚ್ಚಳ ಒತ್ತಿದರು.

"ಯಾವತ್ತಿಂದ?"

"ಡಾಕ್ಟರು ಹೇಳಿದ ಮಾರನೇ ದಿನದಿಂದ."

"ಸೇಬು ಕಚ್ಚೋಕೆ ಮುಂಚೆ ಗೊತ್ತಿತ್ತಾ?"

"ಗೆರೆ ಕಂಡಿತ್ತು. ಹೇಳಲಿಲ್ಲ."

ಮೇಡಂ ನಕ್ಕರು. ಮೇಲಿನ ವಸಡು ಕೆಂಪಗೆ, ಹೊಲಿಗೆಯ ಗುರುತಿನೊಂದಿಗೆ ಕಂಡಿತು. "ನಿನ್ನನ್ನ ಪೆದ್ದಿ ಅಂತಿದ್ದೆನಲ್ಲೇ, ತಪ್ಪು ನಂದು. ಇಷ್ಟು ತಲೆ ಇದೆ ಅಂತ ಗೊತ್ತಿದ್ರೆ ಇನ್ನೂ ಓದಿಸ್ತಿದ್ದೆ."

ಮಗಳಿಗೆ ಅಳು ಬರಲಿಲ್ಲ. ಹದಿನೇಳು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಬಂತು. "ಅವರಿಗೆ ಏನು ಹೇಳಿದೆ ಅಂತ ನೆನಪಿದೆಯಾ ನಿನಗೆ?"

"ಯಾರಿಗೆ?"

"ಮದುವೆ ಕೇಳೋಕೆ ಬಂದಿದ್ದವರಿಗೆ."

ಮೇಡಂ ಹುಬ್ಬು ಗಂಟಿಕ್ಕಿ ಯೋಚಿಸಿದರು. ನಟನೆಯಲ್ಲ, ನಿಜವಾಗಿಯೂ ಹುಡುಕುತ್ತಿದ್ದರು. "ಓ, ಆ ಬ್ಯಾಗಿನವನಾ? ಅದಕ್ಕಾ ಇಷ್ಟೆಲ್ಲ? ನಾನು ಬೇರೆ ಏನೋ ಅಂದ್ಕೊಂಡಿದ್ದೆ."

ಬೇರೆ ಏನು ಎಂದು ಕೇಳುವ ಧೈರ್ಯ ಮಗಳಿಗೆ ಬರಲಿಲ್ಲ.

"ಆಸ್ಪತ್ರೆಯ ಕಾಗದ ನಿನ್ನ ಬೀರುವಿನಲ್ಲಿದೆ. ನೋಡಿದ್ದೀನಿ," ಮೇಡಂ ಮುಂದುವರಿಸಿದರು, ಪಾಠ ಹೇಳುವ ಸಮಾಧಾನದಲ್ಲಿ. "ಮುಂದಿನ ತಿಂಗಳು ಸೇರ್ಕೋಬೇಕು ಅಲ್ವಾ? ಹೋಗು. ನಾನು ತಡೆಯಲ್ಲ. ಡಬ್ಬಿ ನನ್ನ ಹತ್ತಿರ ಇರುತ್ತೆ. ಆ ಡಾಕ್ಟರಮ್ಮ ಯಾವತ್ತು ಏನು ಹೇಳಿದ್ರು ಅನ್ನೋದು ಅವರ ಫೈಲಿನಲ್ಲಿ ಇರುತ್ತೆ. ಔಷಧಿ ಕೊಡೋಳು ಸ್ವಂತ ತಾಯಿಗೇ ಡಬ್ಬಿ ಬದಲಾಯಿಸಿದ್ಲು ಅಂತ ನಾನೊಂದು ಕಾಗದ ಬರೆದ್ರೆ ಸಾಕು. ನಿನ್ನ ಲೈಸೆನ್ಸು, ಆ ಆಸ್ಪತ್ರೆ, ಈ ಅಂಗಡಿ, ಎಲ್ಲಾ ಒಂದೇ ಸಲಕ್ಕೆ. ನನ್ನ ಬರವಣಿಗೆ ಹೇಗಿರುತ್ತೆ ಅಂತ ನಿನಗೆ ಗೊತ್ತಲ್ಲ."

"ಈಗಲೇ ಬರೆದುಬಿಡು. ಡಾಕ್ಟರ ಹತ್ತಿರಾನೇ ಯಾಕೆ ಹೇಳಲಿಲ್ಲ?"

"ಅಲ್ಲೇ ಹೇಳಿದ್ರೆ ನೀನು ನನಗೆ ಉಪಯೋಗಕ್ಕೆ ಬರ್ತಿರಲಿಲ್ಲ." ಮೇಡಂ ಎದ್ದರು. "ಅನ್ನ ಮೆತ್ತಗೆ ಬೇಯಿಸು. ಹಲ್ಲಿಲ್ಲ ನನಗೆ."

ಮಗಳು ಆ ರಾತ್ರಿಯ ಅಡುಗೆ ಮಾಡಿದಳು. ಮರುದಿನ ಆಸ್ಪತ್ರೆಗೆ, ಮನೆಯ ತೊಂದರೆಯಿಂದ ಬರಲಾಗುತ್ತಿಲ್ಲ ಎಂದು ಬರೆದಳು. ಕಾಗದವನ್ನು ಅಂಚೆಗೆ ಹಾಕುವ ಮೊದಲು ಮೇಡಂ ಓದಿ, ಎರಡು ಕಡೆ ಒತ್ತಕ್ಷರ ತಿದ್ದಿಸಿದರು.

ಕಟ್ಟುಹಲ್ಲು ಬಂತು. ಉಳಿದ ಆರು ಹಲ್ಲುಗಳ ಬಗ್ಗೆ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ಕೈ ಅದುರುವುದರಿಂದ ಅಮ್ಮ ಸ್ವಂತವಾಗಿ ಉಜ್ಜಿಕೊಂಡರೆ ಸಾಲದು. ದಿನಕ್ಕೆರಡು ಸಲ ಬೇರೆಯವರು ಉಜ್ಜಬೇಕು. ಮೃದುವಾದ ಬ್ರಷ್ಷನ್ನು ವಸಡಿನಂಚಿಗೆ ಓರೆಯಾಗಿ ಹಿಡಿದು, ಒಂದೊಂದು ಹಲ್ಲಿನ ಬುಡಕ್ಕೂ ಸಣ್ಣ ಸಣ್ಣ ಸುತ್ತು. ಉಜ್ಜಿದ ಮೇಲೆ ಪೇಸ್ಟನ್ನು ನೀರಿನಿಂದ ತೊಳೆಯದೆ ಉಗಿಯಬೇಕು. ಮೂರು ತಿಂಗಳಿಗೊಮ್ಮೆ ಹಲ್ಲಿಗೆ ಫ್ಲೋರೈಡಿನ ವಾರ್ನಿಷ್ ಲೇಪ ಹಚ್ಚಿಸಬೇಕು.

"ಇವಳು ಮಾಡ್ತಾಳೆ," ಎಂದರು ಮೇಡಂ.

ಅಂದಿನಿಂದ ಅಂಗಡಿಗೆ ಹೊರಡುವ ಮೊದಲು, ಮತ್ತೆ ಬಂದ ಮೇಲೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೇಡಂ ತಲೆ ಹಿಂದಕ್ಕೆ ಒರಗಿಸಿ ಬಾಯಿ ತೆರೆಯುತ್ತಿದ್ದರು. ಮಗಳು ಗಲ್ಲ ಹಿಡಿದು, ಕೆಳತುಟಿ ಸರಿಸಿ ಉಜ್ಜುತ್ತಿದ್ದಳು. ಅಷ್ಟು ಹೊತ್ತೂ ಮೇಡಂ ಕಣ್ಣು ಮುಚ್ಚುತ್ತಿರಲಿಲ್ಲ, ರೆಪ್ಪೆ ಮಿಟುಕಿಸದೆ ಅವಳ ಮುಖವನ್ನೇ ನೋಡುತ್ತಿದ್ದರು. ಬ್ರಷ್ಷು ಹೊರಬಂದ ಕೂಡಲೇ, "ಬಲಗಡೆ ಎರಡನೇದು ಸರಿಯಾಗಿ ಆಗಲಿಲ್ಲ. ಇನ್ನೊಂದು ಸಲ," ಎನ್ನುತ್ತಿದ್ದರು. ಅವಳು ಇನ್ನೊಂದು ಸಲ ಉಜ್ಜುತ್ತಿದ್ದಳು.

ಮೊದಮೊದಲು ಆ ತೆರೆದ ಬಾಯಿ ಕಂಡರೆ ಅವಳಿಗೆ ಬ್ರಷ್ಷನ್ನು ಗಂಟಲಿಗೆ ತುರುಕಿಬಿಡಬೇಕು ಅನ್ನಿಸುತ್ತಿತ್ತು. ಒಂದು ವರ್ಷದ ಹೊತ್ತಿಗೆ ಏನೂ ಅನ್ನಿಸುವುದು ನಿಂತಿತು. ಕೈ ತಾನಾಗಿ ನಡೆಯುತ್ತಿತ್ತು, ಬಹಳ ಚೆನ್ನಾಗಿ ನಡೆಯುತ್ತಿತ್ತು.

"ಒಂದು ಗೆರೆಯೂ ಇಲ್ಲ. ನನ್ನ ರೋಗಿಗಳಲ್ಲಿ ಇಷ್ಟು ಚೆನ್ನಾಗಿ ನೋಡ್ಕೊಂಡವರೇ ಇಲ್ಲ," ಎಂದರು ಡಾಕ್ಟರು ಒಂದು ಸಲ. "ಇಂಥ ಮಗಳು ಸಿಗೋಕೆ ಪುಣ್ಯ ಬೇಕು ಮೇಡಂ."

"ಸಿಕ್ಕಿದ್ದಲ್ಲ ಡಾಕ್ಟ್ರೇ," ಎಂದರು ದೊಡ್ಡ ಮೇಡಂ, ಕರವಸ್ತ್ರದಿಂದ ತುಟಿ ಒರೆಸಿಕೊಳ್ಳುತ್ತಾ. "ತಯಾರು ಮಾಡ್ಕೊಂಡಿದ್ದು."

ಇಬ್ಬರೂ ನಕ್ಕರು. ಮಗಳು ಮುಂದಿನ ಭೇಟಿಯ ದಿನವನ್ನು ಬರೆಸಿಕೊಳ್ಳಲು ಹೊರಗಿನ ಮೇಜಿಗೆ ಹೋದಳು.

ಆರೂ ಹಲ್ಲು ಉಳಿದವು. ದೊಡ್ಡ ಮೇಡಂ ಎಂಬತ್ತನಾಲ್ಕು ದಾಟಿದರು. ರಕ್ತದೊತ್ತಡ ಹಿಡಿತದಲ್ಲಿದೆ, ಹೃದಯ ಗಟ್ಟಿಯಾಗಿದೆ, ಇನ್ನೂ ಹತ್ತು ವರ್ಷಕ್ಕೆ ಮೋಸವಿಲ್ಲ ಎಂದು ಎಲ್ಲ ಡಾಕ್ಟರೂ ಹೇಳುತ್ತಾರೆ. ಮಗಳಿಗೆ ಐವತ್ತೆಂಟು. ಬೆಳಗ್ಗೆ ಏಳೂವರೆಗೆ ಅವಳು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟು, ತಾಯಿಯ ಕೊರಳಿಗೆ ಟವೆಲ್ ಕಟ್ಟುತ್ತಾಳೆ.